ಸಹಿಯ ಅಗತ್ಯವಿರುವುದಿಲ್ಲ

ಶಿವಮೊಗ್ಗದಲ್ಲಿ ಒಂದು ದಿನದ ಕಾರ್ಯಾಗಾರ. ವಿಷಯ: "ಆಡಳಿತದಲ್ಲಿ ಕೃತಕ ಬುದ್ಧಿಮತ್ತೆಯ ನೈತಿಕ ಹಾಗೂ ಜವಾಬ್ದಾರಿಯುತ ಬಳಕೆ." ಇಷ್ಟುದ್ದದ ಹೆಸರು ಬ್ಯಾನರಿನ ಒಂದು ಸಾಲಿಗೆ ಹಿಡಿಸಿರಲಿಲ್ಲ. 'ಜವಾಬ್ದಾರಿ' ಎರಡನೇ ಸಾಲಿಗೆ ಇಳಿದು, ಗಣ್ಯರು ಕೂತ ಮೇಲೆ ಅವರ ಕುರ್ಚಿಗಳ ಹಿಂದೆ ಮರೆಯಾಯಿತು.

ಪಕ್ಕದ ತೋಟದ ಗೌಡ್ರೂ ನನ್ನ ಜೊತೆ ಬಂದಿದ್ದರು. ಎಐ ಕಲಿಯೋಕಲ್ಲ. ಅವರ ಅಡಿಕೆ ತೋಟ ಪಹಣಿಯಲ್ಲಿ ಇವತ್ತಿಗೂ ಭತ್ತದ ಗದ್ದೆ. ದೊಡ್ಡ ಸಾಹೇಬ್ರು ಯಾರಾದ್ರೂ ಸಿಕ್ಕರೆ ಹೇಳಿಕೊಳ್ಳೋಣ ಅಂತ ಬಂದದ್ದು.

ತಜ್ಞರು ಚೆನ್ನಾಗಿಯೇ ಮಾತಾಡಿದರು, ಸುಳ್ಳು ಹೇಳಬಾರದು. ಆಸ್ಟ್ರೇಲಿಯಾದ 'ರೋಬೋಡೆಟ್' ಕತೆ ಹೇಳಿದರು. ಅಲ್ಲಿನ ಸರ್ಕಾರ ಜನರ ಇಡೀ ವರ್ಷದ ಆದಾಯವನ್ನು 26ರಿಂದ ಭಾಗಿಸಿತು. ಅಂದರೆ ಪ್ರತಿ ಎರಡು ವಾರಕ್ಕೂ ಒಂದೇ ಸಮ ದುಡಿದಿದ್ದೀರಿ ಅಂತ ಲೆಕ್ಕ. ಹಾಗೆ ಲೆಕ್ಕ ಹಾಕಿ, ನೀವು ಸಹಾಯಧನ ಜಾಸ್ತಿ ತಿಂದಿದ್ದೀರಿ, ವಾಪಸ್ ಕಟ್ಟಿ ಎಂದು 4 ಲಕ್ಷಕ್ಕೂ ಹೆಚ್ಚು ಜನರ ತಲೆಗೆ ಸಾಲ ಕಟ್ಟಿತು. ಎಐ ಕೂಡ ಅಲ್ಲ ಅದು, ಬರೀ ಭಾಗಾಕಾರ. 2023ರಲ್ಲಿ ತನಿಖಾ ಆಯೋಗ ಛೀಮಾರಿ ಹಾಕಿತು.

ಗೌಡ್ರು ನನ್ನ ಕಿವಿಯಲ್ಲಿ ಕೇಳಿದರು: "ನಮ್ದು ವರ್ಷಕ್ಕೊಂದು ಫಸಲು. ಮಂಡಿಗೆ ಅಡಿಕೆ ಹಾಕಿದ ತಿಂಗಳು ನಾನು ಸಾಹುಕಾರ, ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಸೋ ತಿಂಗಳು ಸಾಲಗಾರ. ಈ ಮಿಷನ್ನು ಯಾವ ತಿಂಗಳು ಬರುತ್ತಂತೆ ಮಾರಾಯ್ರೆ?"

ಆಮೇಲೆ ನೆದರ್‌ಲ್ಯಾಂಡ್ಸ್. ಮಕ್ಕಳ ಪಾಲನೆಗೆ ಕೊಡುವ ಭತ್ಯೆಯಲ್ಲಿ ಸಾವಿರಾರು ತಂದೆತಾಯಿಯರನ್ನು ತಪ್ಪಾಗಿ ಮೋಸಗಾರರ ಪಟ್ಟಿಗೆ ಸೇರಿಸಿದರು. ಯಾರ ಮೇಲೆ ಅನುಮಾನ ಪಡಬೇಕು ಅಂತ ಆರಿಸಿದ್ದರಲ್ಲಿ ಕಂಪ್ಯೂಟರಿನ ಕೈಯೂ ಇತ್ತು. 2021ರ ಜನವರಿಯಲ್ಲಿ ಅಲ್ಲಿನ ಸಂಪುಟವೇ ರಾಜೀನಾಮೆ ಕೊಟ್ಟಿತು. ಈ ಸ್ಲೈಡು ಬಂದಾಗ ಮುಂದಿನ ಸಾಲಿನಲ್ಲಿ ಇಬ್ಬರು ಕೆಮ್ಮಿದರು. ತಜ್ಞರು ಸ್ಲೈಡ್ ಬದಲಾಯಿಸಿದರು.

ಮುಂದಿನದು ಪರಿಹಾರ. ಯಂತ್ರ ಹೇಳಿದ್ದನ್ನು ಕೊನೆಗೆ ಮನುಷ್ಯನೊಬ್ಬ ನೋಡಿ ಒಪ್ಪಬೇಕಂತೆ. ಒಳ್ಳೆಯದೇ. ಯಾರು ಆ ಮನುಷ್ಯ? ಎಲ್ಲರೂ ಕತ್ತು ತಿರುಗಿಸಿ ಕೊನೆಯ ಸಾಲು ನೋಡಿದರು. ಅಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ಕೂತಿದ್ದರು. ಮೊದಲು ಇವರಿಗೆ ಗ್ರಾಮ ಲೆಕ್ಕಿಗ ಅಂತ ಹೆಸರು. ಹೆಸರು ದೊಡ್ಡದಾಯಿತು, ಫೋನು ಮಾತ್ರ ಅದೇ. ಆ್ಯಪ್‌ಗಳ ಹೊರೆ ಜಾಸ್ತಿಯಾಯ್ತು, ಸಲಕರಣೆ ಕೊಡಿ ಅಂತ 2024ರಲ್ಲಿ ಮುಷ್ಕರಕ್ಕೆ ಕೂತಿದ್ದವರೂ ಇವರೇ. ಇನ್ನು ಮೇಲೆ ಎಐ ಮೇಲೂ ಒಂದು ಕಣ್ಣಿಡಬೇಕು. ಸಿಗ್ನಲ್ ಸಿಗುವ ಗುಡ್ಡ ಹತ್ತಿ.

ಕಲಿಯುವ ಯಂತ್ರಕ್ಕೆ ಹಳೇ ದಾಖಲೆಯೇ ಪಾಠ, ಅಲ್ವಾ? ಕೈಬರಹದ ಪಹಣಿ ಕಂಪ್ಯೂಟರಿಗೆ ಹೋದದ್ದು 2000ದ ಸುಮಾರಿಗೆ, 'ಭೂಮಿ' ಯೋಜನೆಯಲ್ಲಿ. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆ. ಸಣ್ಣ ಕೆಲಸವಲ್ಲ, ಕೈ ಮುಗಿಯಬೇಕು. ಆದರೆ ಶಾನುಭೋಗರ ಕಾಲದಿಂದ ಕಾಗದದಲ್ಲಿ ಮಲಗಿದ್ದ ತಪ್ಪನ್ನು ಯಾವ ಕಂಪ್ಯೂಟರೂ ಎಬ್ಬಿಸಿ ಕೇಳುವುದಿಲ್ಲ. ಹಾಗಾಗಿ ನಾಳೆ ಎಐ ಗೌಡ್ರ ತೋಟಕ್ಕೆ ಭತ್ತದ ತಳಿಯನ್ನು ಶಿಫಾರಸು ಮಾಡುತ್ತದೆ. ಭಾರೀ ಆತ್ಮವಿಶ್ವಾಸದಿಂದ.

ನನಗೆ ಅನ್ನಿಸಿದ್ದು ಬೇರೆ. ಎಐ ಬಂದರೆ ಯಾರೂ ಹೊಣೆ ಹೊರುವುದಿಲ್ಲ ಅಂತ ತಜ್ಞರು ಹೆದರುತ್ತಾರಲ್ಲ, ಅವರು ನಮ್ಮ ಕಚೇರಿ ಕನ್ನಡ ಓದಿಲ್ಲ. "ಪರಿಶೀಲಿಸಲಾಗಿದೆ." "ತಿರಸ್ಕರಿಸಲಾಗಿದೆ." "ಕ್ರಮ ಕೈಗೊಳ್ಳಲಾಗುವುದು." ಯಾರು ಪರಿಶೀಲಿಸಿದರು? ಯಾರು ಕೈಗೊಳ್ಳುತ್ತಾರೆ? ವಾಕ್ಯದಲ್ಲಿ ಕರ್ತೃವೇ ಇಲ್ಲ. ಮನೆಯಲ್ಲಿ ಯಾರಾದರೂ "ಹಾಲು ಚೆಲ್ಲಲಾಗಿದೆ" ಅಂದರೆ ಸೌಟಿನಲ್ಲಿ ಬೀಳುತ್ತದೆ. ಕಚೇರಿಯಲ್ಲಿ ಹಾಗಂದವರಿಗೆ ಬಡ್ತಿ. ಮನುಷ್ಯರಿಲ್ಲದ ಆಡಳಿತವನ್ನು ನಾವು ವ್ಯಾಕರಣದಿಂದಲೇ ಸಾಧಿಸಿ ಎಷ್ಟೋ ಕಾಲವಾಯಿತು. ಇದಕ್ಕೆ ಒಂದು ಕಂಪ್ಯೂಟರ್ ಚಿಪ್ ಕೂಡ ಬೇಕಾಗಿರಲಿಲ್ಲ.

ಖಾಸಗಿ ಮಾಹಿತಿ ರಕ್ಷಣೆಯ 2023ರ ಕಾನೂನಿನ ಬಗ್ಗೆ ಊಟಕ್ಕೆ ಮೊದಲು ಐದು ನಿಮಿಷ ಸಿಕ್ಕಿತು. ನೋಂದಣಿ ಟೇಬಲ್ಲಿನಲ್ಲಿ ಎಲ್ಲರ ಆಧಾರ್ ಜೆರಾಕ್ಸ್ ಹಾಗೇ ಹರಡಿತ್ತು, ಗಾಳಿಗೆ ಹಾರದಂತೆ ಮೇಲೊಂದು ನೀರಿನ ಬಾಟಲಿ.

ಸಂಜೆ ನಿರ್ಣಯ ಓದಿದರು: "ಎಐ ಬಳಕೆಯಲ್ಲಿ ಜವಾಬ್ದಾರಿಯನ್ನು ನಿಗದಿಪಡಿಸಲಾಗುವುದು." ಚಪ್ಪಾಳೆ. ಗೌಡ್ರು ಒಬ್ಬರು ಸಾಹೇಬ್ರನ್ನು ಹಿಡಿದು ಅರ್ಜಿ ಕೊಟ್ಟೇ ಬಂದರು.

ಮೂರು ವಾರಕ್ಕೆ ಉತ್ತರ ಬಂತು. ಓದಿ ಹೇಳಿ ಅಂತ ಗೌಡ್ರು ನಮ್ಮ ಜಗಲಿಗೆ ಬಂದರು. "ತಮ್ಮ ಮನವಿಯನ್ನು ಪರಿಶೀಲಿಸಿ ವಿಲೇ ಮಾಡಲಾಗಿದೆ." ಕೆಳಗೆ ಸಣ್ಣ ಅಕ್ಷರ: "ಇದು ಗಣಕೀಕೃತ ಪ್ರತಿ. ಸಹಿಯ ಅಗತ್ಯವಿರುವುದಿಲ್ಲ."

ಗೌಡ್ರು ಕಾಗದ ತಿರುಗಿಸಿ ಹಿಂದೆ ನೋಡಿದರು. ಖಾಲಿ. ಕವಳದ ಚಂಚಿ ಬಿಚ್ಚಿ, ನಿಧಾನಕ್ಕೆ ಎಲೆಗೆ ಸುಣ್ಣ ಸವರುತ್ತಾ ಕೇಳಿದರು:

"ಅಲ್ಲ ಮಾರಾಯ್ರೆ, ನಾನೀಗ ಜಗಳ ಆಡೋದು ಯಾರ ಹತ್ರ?"