ಕಷ್ಟ ಮುಗಿಯದವರ ಸಾಕ್ಷಿ

ನಮ್ಮ ಕ್ರೈಸ್ತ ಸಭೆಗಳಲ್ಲಿ ಸಾಕ್ಷಿ ಹೇಳುವವರಿಗೆ, ಅಂದರೆ ದೇವರು ತಮಗೆ ಮಾಡಿದ ಉಪಕಾರವನ್ನು ಎಲ್ಲರ ಮುಂದೆ ಹೇಳುವವರಿಗೆ, ಯಾರೂ ಬರೆದಿಡದ ಒಂದು ಷರತ್ತಿದೆ: ಕಷ್ಟ ಮುಗಿದಿರಬೇಕು. ಕಾಯಿಲೆ ಬಂದಿತ್ತು, ವಾಸಿಯಾಯಿತು. ವೀಸಾ ತಡವಾಗಿತ್ತು, ಬಂತು. ಮಗಳಿಗೆ ಸಂಬಂಧ ಕೂಡಿಬರುತ್ತಿರಲಿಲ್ಲ, ಉಪವಾಸ ಪ್ರಾರ್ಥನೆ ಮಾಡಿದೆವು, ದುಬೈಯ ಹುಡುಗನೇ ಸಿಕ್ಕಿದ. ಎಲ್ಲರೂ 'ದೇವರಿಗೆ ಸ್ತೋತ್ರ' ಎನ್ನುತ್ತಾರೆ, ಕಾಣಿಕೆ ಚೀಲ ಹೊರಡುತ್ತದೆ. ಆ ಸಂತೋಷ ಸುಳ್ಳೆಂದು ನಾನು ಹೇಳುತ್ತಿಲ್ಲ. ನನ್ನ ತಕರಾರು ಬೇರೆ. ಇನ್ನೂ ನಡುನೀರಿನಲ್ಲಿರುವವರು ಎಲ್ಲಿ ನಿಂತು ಮಾತನಾಡಬೇಕು?

ನಮ್ಮಲ್ಲಿ ಒಬ್ಬ ತಾಯಿಯ ಮಗುವಿಗೆ ಅಪಸ್ಮಾರವಿದೆ. ಔಷಧವೂ ನಡೆದಿದೆ, ಪ್ರಾರ್ಥನೆಯೂ ನಡೆದಿದೆ, ಫಿಟ್ಸ್ ಬರುವುದು ನಿಂತಿಲ್ಲ. ಒಂದು ದಿನ ಕೂಟ ಮುಗಿದ ಮೇಲೆ ಹಿರಿಯರೊಬ್ಬರು ಚಹಾದ ಲೋಟ ಹಿಡಿದುಕೊಂಡೇ, "ಮನೆಯಲ್ಲಿ ಅರಿಕೆ ಮಾಡದ ಪಾಪ ಏನಾದರೂ ಉಂಟೋ ನೋಡಿಕೊಳ್ಳಿ ಅಮ್ಮ" ಎಂದರು. ಆಕೆ ಈಗ ಕೂಟಕ್ಕೆ ಬರುವುದಿಲ್ಲ. ಹುಟ್ಟುಕುರುಡನನ್ನು ಕಂಡಾಗ ಶಿಷ್ಯರೂ ಇದನ್ನೇ ಕೇಳಿದ್ದರು: ಪಾಪ ಮಾಡಿದವನು ಇವನೋ, ಇವನ ತಂದೆತಾಯಿಯೋ? ಇವನೂ ಅಲ್ಲ, ಅವರೂ ಅಲ್ಲ ಎಂದು ಯೇಸು ಉತ್ತರಿಸಿದ್ದು ಸಂಡೇ ಸ್ಕೂಲಿನ ಮಕ್ಕಳಿಗೂ ಗೊತ್ತು. ಆ ಮಕ್ಕಳಿಗೆ ಅದನ್ನು ಕಲಿಸಿದವರು ಇದೇ ಹಿರಿಯರು.

ಅಪೊಸ್ತಲ ಪೌಲನನ್ನೇ ನೋಡಿ. ಎಷ್ಟೋ ರೋಗಿಗಳನ್ನು ಗುಣಪಡಿಸಿದವನು, ಜೊತೆಗಾರ ತ್ರೊಫಿಮನಿಗೆ ಹುಷಾರಿಲ್ಲದ್ದರಿಂದ ಅವನನ್ನು ಮಿಲೇತದಲ್ಲೇ ಬಿಟ್ಟುಬಂದೆ ಎಂದು ಶಿಷ್ಯ ತಿಮೊಥೆಯನಿಗೆ ಒಂದೇ ಸಾಲಿನಲ್ಲಿ ಬರೆಯುತ್ತಾನೆ. ವಿವರಣೆ ಇಲ್ಲ, ಸಮರ್ಥನೆ ಇಲ್ಲ. ಅದೇ ತಿಮೊಥೆಯನಿಗೆ ಪದೇಪದೇ ಹೊಟ್ಟೆ ಕೆಡುತ್ತಿದ್ದಾಗ ಸ್ವಲ್ಪ ದ್ರಾಕ್ಷಾರಸ ಕುಡಿ ಎಂದನೇ ಹೊರತು ನಿನ್ನ ನಂಬಿಕೆ ಸಾಲದು ಎನ್ನಲಿಲ್ಲ. ತನ್ನ ಶರೀರದ ಶೂಲವನ್ನು ತೆಗೆದುಬಿಡು ಎಂದು ಮೂರು ಸಾರಿ ಬೇಡಿಕೊಂಡ, ದೇವರು ತೆಗೆಯಲಿಲ್ಲ. ಇನ್ನು ಬೈಬಲಿನ 88ನೆಯ ಕೀರ್ತನೆ. ಗೋಳಿನಿಂದ ಶುರುವಾಗುವ ಬೇರೆ ಕೀರ್ತನೆಗಳು ಸಾಮಾನ್ಯವಾಗಿ ಕೊನೆಯಲ್ಲಿ ಸ್ತೋತ್ರಕ್ಕೆ ತಿರುಗುತ್ತವೆ. ಇದು ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಬರೆದವನು ನಮ್ಮ ಕೂಟದಲ್ಲಿ ಎದ್ದು ನಿಂತಿದ್ದರೆ ಅರ್ಧದಲ್ಲೇ ಯಾರಾದರೂ ಒಂದು ಹಾಡು ಎತ್ತಿಕೊಂಡು ಅವನನ್ನು ಕೂರಿಸುತ್ತಿದ್ದರು.

ನಾನೂ ಮುಗಿಯದ ಸಾಲಿನವಳೇ. ನನ್ನ ಅತ್ತೆ ಪಾರ್ಶ್ವವಾಯು ಬಡಿದು ವರ್ಷಗಳಿಂದ ಹಾಸಿಗೆಯಲ್ಲಿದ್ದಾರೆ. ಬಲಭಾಗ ಪೂರ್ತಿ ಬಿದ್ದುಹೋಗಿದೆ, ಮಾತು ನಿಂತಿದೆ. ಆದರೆ ಯಾರಾದರೂ ಹಳೆಯ ಸಂಗೀತದ, ಅಂದರೆ ಸಭೆಯ ಭಕ್ತಿಗೀತೆಯ, ಮೊದಲ ಸಾಲು ಹಾಡಿದರೆ ಎರಡನೆಯ ಸಾಲನ್ನು ಅತ್ತೆ ಸ್ಪಷ್ಟವಾಗಿ ಹಾಡುತ್ತಾರೆ. ನೋಡಲು ಬಂದವರು ಕಣ್ಣು ಒರೆಸಿಕೊಂಡು ಅದ್ಭುತ ಎನ್ನುತ್ತಾರೆ. ಮಾತು ಬಹುಪಾಲು ಮೆದುಳಿನ ಎಡಭಾಗವನ್ನು ನೆಚ್ಚಿಕೊಂಡಿದೆ, ಹಾಡಿಗೆ ಬಲಭಾಗದ ಆಸರೆಯೂ ಇದೆ, ಹಾಗಾಗಿ ಕೆಲವರಲ್ಲಿ ಹಾಡು ಉಳಿಯುತ್ತದೆ ಎಂದು ವೈದ್ಯರು ತಿಳಿಸಿದರು. ಹೀಗೆ ಉಳಿಯುವ ಇನ್ನೊಂದು ವಸ್ತು ಬೈಗುಳವಂತೆ. ಅದಂತೂ ಖರೆ. ಮಗ್ಗುಲು ಬದಲಿಸುವಾಗ ನೋವಾದರೆ ಅತ್ತೆಯ ಬಾಯಿಂದ ಶುದ್ಧ ತುಳುವಿನಲ್ಲಿ ಬರುವುದನ್ನು ಇಲ್ಲಿ ಬರೆಯಲಾಗುವುದಿಲ್ಲ. ಸಂಗೀತದ ಸುದ್ದಿ ಸಭೆಯೆಲ್ಲ ಹರಡಿದೆ. ಬೈಗುಳದ ಸುದ್ದಿ ನನ್ನ ಬಳಿಯೇ ಇದೆ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹಾಸಿಗೆ ಹುಣ್ಣಾಗುತ್ತದೆ. ಗಂಜಿಯನ್ನು ಮಿಕ್ಸಿಯಲ್ಲಿ ತಿರುವಿ, ತಲೆ ಎತ್ತರಿಸಿ, ಚಮಚ ಚಮಚವಾಗಿ ಕೊಡಬೇಕು. ಆತುರಪಟ್ಟರೆ ಕೆಮ್ಮು ಹತ್ತುತ್ತದೆ. ಯಜಮಾನರು ಬೋಟುಗಳ ಎಂಜಿನ್ ರಿಪೇರಿಗೆ ನಸುಕಿನಲ್ಲೇ ಮಲ್ಪೆಗೆ ಹೋಗುತ್ತಾರೆ. ನನಗೆ ದಸ್ತಾವೇಜು ಬರಹಗಾರರೊಬ್ಬರ ಕಚೇರಿಯಲ್ಲಿ ಅರ್ಧ ದಿನದ ಕೆಲಸ.

ಆ ಕೆಲಸದ ಕಾರಣದಿಂದಲೇ ಶೋಧನೆ, ಅಂದರೆ ಪಾಪದ ಸೆಳೆತ, ಎಂದರೇನೆಂದು ನನಗೆ ಚೆನ್ನಾಗಿ ಗೊತ್ತು. ಬೋಧನೆಗಳಲ್ಲಿ ಶೋಧನೆ ಎಂದರೆ ಕುಡಿತ, ಮೊಬೈಲ್, ಪರಸ್ತ್ರೀ. ಅದಾವುದೂ ನನ್ನ ಬಾಗಿಲು ತಟ್ಟಲಿಲ್ಲ. ತಟ್ಟಿದ್ದು ಒಂದು ಹೆಬ್ಬೆಟ್ಟು. ಮನೆ ಮತ್ತು ಹದಿನೈದು ಸೆಂಟ್ಸ್ ಜಾಗ ಅತ್ತೆಯ ಹೆಸರಿನಲ್ಲಿವೆ. ಉಯಿಲು ಬರೆದಿಲ್ಲ. ನಮಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಅದು ಅವರ ಗಂಡು, ಹೆಣ್ಣು ಮಕ್ಕಳೆಲ್ಲರಿಗೂ ಸಮಪಾಲು. ಕಾಯ್ದೆ ಸರಿಯಾಗಿಯೇ ಇದೆ. ಆದರೆ ಕ್ರಿಸ್‌ಮಸ್‌ಗೆ ಬಂದು ಫೋಟೊ ತೆಗೆದುಕೊಂಡು ಹೋಗುವವರಿಗೂ ಸಮಪಾಲು, ಸೊಸೆಗೆ ಸೊನ್ನೆ. ಕಚೇರಿಗೆ ಬರಲಾಗದವರ ಮನೆಗೆ ಅಧಿಕಾರಿಯೇ ಬಂದು ಪತ್ರ ನೋಂದಾಯಿಸಲು 1908ರ ನೋಂದಣಿ ಕಾಯ್ದೆಯಲ್ಲಿ ಅವಕಾಶವಿದೆ. ಒಂದು ದಾನಪತ್ರದ ಕರಡು ಮಾಡಲು ನನಗೆ ಅರ್ಧ ಗಂಟೆ ಸಾಕು. ಒಪ್ಪಿಗೆಯೇ ಅಮ್ಮ ಎಂದು ಕೇಳಿದರೆ ಅತ್ತೆ ತಲೆಯಾಡಿಸುತ್ತಾರೆ. ಈಗ ಅವರು ಎಲ್ಲದಕ್ಕೂ ತಲೆಯಾಡಿಸುತ್ತಾರೆ. ಚಳಿಯೇ ಎಂದರೂ ಹೌದು, ಸೆಕೆಯೇ ಎಂದರೂ ಹೌದು.

ಈ ಆಲೋಚನೆ ನನ್ನ ಬಳಿ ಕಳ್ಳನ ವೇಷದಲ್ಲಿ ಬರಲಿಲ್ಲ, ನ್ಯಾಯದ ವೇಷದಲ್ಲಿ ಬಂತು. ಬರುವಾಗ ವಚನವನ್ನೂ ತಂದಿತ್ತು: ಆಳು ತನ್ನ ಕೂಲಿಗೆ ಯೋಗ್ಯನು, ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬಾರದು. ಅಡವಿಯಲ್ಲಿ ಯೇಸುವಿಗೂ ಸೈತಾನನು ವಚನವನ್ನೇ ಉದ್ಧರಿಸಿದನಲ್ಲವೇ, ಅದೂ ಕೀರ್ತನೆಗಳಿಂದ. ಅಲ್ಲಿ ಅವನು ಒಡ್ಡಿದ ಆಮಿಷಗಳನ್ನು ಇನ್ನೊಮ್ಮೆ ಓದಿ. ಹಸಿದವನಿಗೆ ಕಲ್ಲಿನಿಂದ ರೊಟ್ಟಿ, ದೇವಾಲಯದ ತುದಿಯಿಂದ ಹಾರಿದರೂ ಗಾಯವಾಗದ ಅದ್ಭುತ, ಲೋಕದ ರಾಜ್ಯಗಳ ವೈಭವ. ಯೇಸು ಬೇಡವೆಂದದ್ದನ್ನೇ ನಾವು ಆಶೀರ್ವಾದವೆಂದು ಪಟ್ಟಿ ಮಾಡಿ ಮೈಕಿನ ಮುಂದೆ ಓದುತ್ತಿದ್ದೇವೆ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಹೌದು, ಆಮೇಲೆ ಐದು ಸಾವಿರ ಜನರಿಗೆ ರೊಟ್ಟಿ ಹಂಚಿದವನೂ ಅವನೇ. ತನ್ನ ಹಸಿವಿಗಾಗಿ ಮಾತ್ರ ಕಲ್ಲನ್ನು ಮುಟ್ಟಲಿಲ್ಲ.

ಸುವಾರ್ತೆ ಬರೆದ ಲೂಕನು ಆ ಪ್ರಸಂಗವನ್ನು ಮುಗಿಸುವ ರೀತಿ ನನಗೆ ಬಹಳ ಹಿಡಿಸುತ್ತದೆ. ಸೈತಾನನು ಸೋತು ಓಡಿಹೋದ ಎಂದು ಅವನು ಬರೆಯುವುದಿಲ್ಲ. ತಕ್ಕ ಸಮಯ ಬರುವವರೆಗೆ ಬಿಟ್ಟುಹೋದ ಎನ್ನುತ್ತಾನೆ. ನನ್ನ ಮನೆಯಲ್ಲಿ ಆ ತಕ್ಕ ಸಮಯ ಸಾಮಾನ್ಯವಾಗಿ ಬೆಳಗಿನ ಜಾವ ಮೂರು ಗಂಟೆ. ಪತ್ರ ಬರೆದಿಲ್ಲ, ಬರೆಯುವುದೂ ಇಲ್ಲ. ಆದರೆ ಆಲೋಚನೆ ತೊಲಗಿದೆ ಎಂದು ಹೇಳಿದರೆ ಅದೂ ಒಂದು ಸುಳ್ಳು ಸಾಕ್ಷಿಯಾದೀತು. ನಾದಿನಿಯರು ಇದನ್ನು ಓದುತ್ತಾರೆಂದು ಗೊತ್ತು. ಓದಲಿ.

ಪ್ರೀತಿಯ ವಿಷಯಕ್ಕೆ ಬಂದರೆ, ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹದಿಮೂರನೆಯ ಅಧ್ಯಾಯವನ್ನು ನಾವು ಮದುವೆಗಳಿಗೆ ಮೀಸಲಿಟ್ಟಿದ್ದೇವೆ. ಪೌಲನು ಅದನ್ನು ಬರೆದದ್ದು ಮದುವೆಗಲ್ಲ, ಜಗಳಗಂಟ ಸಭೆಗೆ. ಅಲ್ಲಿಯವರು ಒಬ್ಬರ ಮೇಲೊಬ್ಬರು ನ್ಯಾಯಾಲಯಕ್ಕೆ ಹೋಗುತ್ತಿದ್ದರು. ಕರ್ತನ ಭೋಜನಕ್ಕೆ ಕೂಡಿಬಂದಾಗಲೂ ಉಳ್ಳವರು ಮೊದಲೇ ಉಂಡು ಬಿಡುತ್ತಿದ್ದರು, ಇಲ್ಲದವರು ಹಸಿದಿರುತ್ತಿದ್ದರು. ಅಂಥವರಿಗೆ ಹೇಳಿದ ಮಾತು, ಪ್ರೀತಿ ಅಪಕಾರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು. ನಾನು ಡೈಪರ್, ಔಷಧ, ಗಾಳಿಹಾಸಿಗೆಯ ಬಿಲ್ಲುಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತೇನೆ. ಮುಂದೊಂದು ದಿನ ಯಾರ ಮುಂದೆಯಾದರೂ ಸುರಿಯಲು ಬೇಕಾಗುತ್ತದೆ ಎಂಬುದೇ ಉದ್ದೇಶ, ಬೇರೇನಲ್ಲ. ಡಬ್ಬಿ ಕಪಾಟಿನಲ್ಲಿ ಇರುವಾಗಲೂ ರಾತ್ರಿ ಎದ್ದು ಮಗ್ಗುಲು ಬದಲಿಸುವುದನ್ನು ಪ್ರೀತಿ ಎನ್ನಬಹುದೆಂದು ನಾನು ವಾದಿಸುತ್ತೇನೆ. ನಮ್ಮ ಮದುವೆಯ ಹೊಸತರಲ್ಲಿ ಅತ್ತೆಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ಈಗಲೂ ನಾನು ಅವರನ್ನು ಮೆಚ್ಚಿಕೊಂಡಿದ್ದೇನೆ ಎನ್ನಲಾರೆ. ಮೆಚ್ಚುಗೆ ಬರುವವರೆಗೆ ಕಾದಿದ್ದರೆ ಅವರ ಬೆನ್ನಿನ ತುಂಬ ಹುಣ್ಣಾಗಿರುತ್ತಿತ್ತು.

ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ಜಾಣರಿದ್ದರು ಎನ್ನಿಸುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿನಲ್ಲಿ ಕೆಲಸ ಆರಂಭಿಸಿದ ಮೇಲೆ, ಕ್ರೈಸ್ತರಾದವರಲ್ಲಿ ಅನೇಕರು ಮನೆ, ಜಮೀನು, ಕುಲಕಸುಬು ಎಲ್ಲವನ್ನೂ ಕಳೆದುಕೊಂಡರು. ಪ್ರಾರ್ಥಿಸಿ, ಎಲ್ಲ ಸರಿಹೋಗುತ್ತದೆ ಎಂದಷ್ಟೇ ಹೇಳಿ ಅವರನ್ನು ಕಳುಹಿಸಿಬಿಡಲಿಲ್ಲ. ಮುದ್ರಣಾಲಯ ಬಂತು, ನೇಯ್ಗೆ ಬಂತು, 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ ಬಂತು. ಆ ಕಾರ್ಖಾನೆಗಳ ಶಿಸ್ತನ್ನೂ ಕೂಲಿಯನ್ನೂ ಟೀಕಿಸುವವರಿದ್ದಾರೆ, ಟೀಕಿಸಲಿ. ಆದರೆ ಕಷ್ಟದಲ್ಲಿರುವವನಿಗೆ ವಚನದ ಜೊತೆ ಕೈಗೊಂದು ಕೆಲಸವೂ ಬೇಕು ಎಂಬುದು ಅವರಿಗೆ ಹೊಳೆದಿತ್ತು. ನಾವೀಗ ವಚನವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತೇವೆ, ಗುಲಾಬಿ ಹೂವಿನ ಚಿತ್ರದ ಮೇಲೆ.

ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಮೊದಲ ಏಳು ದಿನ ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕುಳಿತಿದ್ದರು. ಕೆಟ್ಟದ್ದು ಅವರು ಬಾಯಿ ತೆರೆದ ಮೇಲೆ.

ಆದ್ದರಿಂದ ಬರುವ ವಾರ ನಮ್ಮ ಮನೆಯಲ್ಲಿ ಪ್ರಾರ್ಥನಾ ಕೂಟ ಇಡೋಣವೇ ಎಂದು ಕೇಳಿದವರಿಗೆ ನನ್ನ ಉತ್ತರ ಇದು. ಕೂಟ ಬೇಡ. ಇಬ್ಬರಿಬ್ಬರಾಗಿ, ವಾರಕ್ಕೊಂದು ಮಧ್ಯಾಹ್ನ ಬಂದು ಅತ್ತೆಯ ಬಳಿ ಕುಳಿತುಕೊಳ್ಳಿ, ನಾನು ಮಲಗುತ್ತೇನೆ. ಮಗ್ಗುಲು ಬದಲಿಸುವುದನ್ನು ಮೊದಲ ದಿನ ತೋರಿಸಿಕೊಡುತ್ತೇನೆ, ಸೊಂಟಕ್ಕೆ ಕೈಕೊಟ್ಟು ಎತ್ತಬೇಕು, ತೋಳು ಹಿಡಿದು ಎಳೆಯಬಾರದು. ಬೈದರೆ ಬೇಸರ ಮಾಡಿಕೊಳ್ಳಬೇಡಿ. ಹಾಡುವ ಆಸೆಯಿದ್ದರೆ ಹಳೆಯ ಸಂಗೀತಗಳನ್ನೇ ಹಾಡಿ, ಹೊಸ ಹಾಡು ಅವರಿಗೆ ಬರುವುದಿಲ್ಲ. ಮತ್ತು ಆ ಮಗುವಿನ ತಾಯಿಯ ಮನೆಗೂ ಯಾರಾದರೂ ಹೋಗಿ. ಆದರೆ ಚಹಾದ ಲೋಟ ಹಿಡಿದು ಮಾತನಾಡಿದವರು ಹೋಗುವುದಾದರೆ, ಮೊದಲು ಕ್ಷಮೆ ಕೇಳಿ ಆಮೇಲೆ ಒಳಗೆ ಕಾಲಿಡಿ.