ತೊರೆ ಗಡಿಯಾಯಿತು, ಕಾಡು ಊರಿನದೇ ಉಳಿಯಿತು

ಜಿನೀವಾ ಸರೋವರದ ದಕ್ಷಿಣ ದಡದಲ್ಲಿ ಸಾಂ ಜಾಂಗೋಲ್ಫ್ ಅಂತ ಒಂದು ಊರಿದೆ. ಹಿಂದೆ ಕಡಿದಾದ ಬೆಟ್ಟ, ಮುಂದೆ ನೀರು, ನಡುವೆ ಮೋರ್ಜ್ ಅನ್ನುವ ಸಣ್ಣ ತೊರೆ. ತೊರೆಯ ಪಶ್ಚಿಮಕ್ಕೆ ಫ್ರಾನ್ಸ್, ಪೂರ್ವಕ್ಕೆ ಸ್ವಿಟ್ಜರ್ಲೆಂಡ್. ಎರಡು ಕಡೆಗೂ ಹೆಸರು ಒಂದೇ. ಪಂಚಾಯಿತಿ ಎರಡು, ಪೊಲೀಸರು ಎರಡು ಥರ, ದುಡ್ಡು ಎರಡು ಥರ. ಆದರೆ ಚರ್ಚು ಒಂದೇ, ಸ್ಮಶಾನವೂ ಒಂದೇ. ಎರಡೂ ಇರುವುದು ಫ್ರಾನ್ಸ್ ಬದಿಯಲ್ಲಿ. ಸ್ವಿಸ್ ಬದಿಯಲ್ಲಿ ಯಾರಾದರೂ ತೀರಿಕೊಂಡರೆ ಹೂಳುವುದು ಪರದೇಶದಲ್ಲಿ.

ನಾನಿರುವುದು ಎದುರು ದಡದ ವೆವೇ ಪಟ್ಟಣದಲ್ಲಿ. ಹುಟ್ಟಿದ್ದು ಮಂಜೇಶ್ವರದ ಹತ್ತಿರ. ಅಂದರೆ ಹೊರನಾಡ ಕನ್ನಡಿಗ ಆಗಲು ನಾನು ವಿಮಾನ ಹತ್ತಬೇಕಾಗಿರಲಿಲ್ಲ, ಕೇರಳದಲ್ಲಿ ಹುಟ್ಟಿದ್ದೇ ಸಾಕಾಗಿತ್ತು. ಕಾಲೇಜಿಗೆ ದಿನಾ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗಿ ಬಂದವನು. ಹಾಗಾಗಿ ಗಡಿಯ ಊರು ಅಂದರೆ ನನಗೆ ಸುಮ್ನೆ ನೋಡಿ ಬರುವ ಜಾಗ ಅಲ್ಲ. ಅಲ್ಲಿ ಏನೇನು ಹಂಚಿದ್ದಾರೆ, ಏನು ಬಿಟ್ಟಿದ್ದಾರೆ ಅಂತ ಮೊದಲು ಕಣ್ಣು ಹೋಗುತ್ತದೆ.

ಈ ಊರಿನ ಗಡಿ ಬಹಳ ಹಳೆಯದು. 1536ರಲ್ಲಿ ಈಗ ಸ್ವಿಟ್ಜರ್ಲೆಂಡಿಗೆ ಸೇರಿದ ವಾಲೆ ಪ್ರಾಂತ್ಯದವರು, ಈಗ ಫ್ರಾನ್ಸಿಗೆ ಸೇರಿದ ಸವಾಯ್ ಸೀಮೆಯ ದೊರೆಯ ಕೈಯಿಂದ ಈ ದಡವನ್ನು ಕಿತ್ತುಕೊಂಡಿದ್ದರು. 1569ರಲ್ಲಿ ತೊನೊಂ ಒಪ್ಪಂದ ಆಯಿತು. ಒಂದಷ್ಟು ನೆಲ ವಾಪಸ್ ಕೊಟ್ಟರು, ಒಂದಷ್ಟು ಇಟ್ಟುಕೊಂಡರು, ಮೋರ್ಜ್ ತೊರೆಯನ್ನು ಗಡಿ ಅಂದರು. ಊರು ಅದರ ಎರಡೂ ದಂಡೆಯಲ್ಲಿ ಹರಡಿಕೊಂಡಿದೆ ಅನ್ನುವುದು ದೊಡ್ಡವರಿಗೆ ದೊಡ್ಡ ವಿಷಯ ಆಗಲಿಲ್ಲ. ಸವಾಯ್ ಫ್ರಾನ್ಸಿಗೆ ಸೇರಿದ್ದು 1860ರಲ್ಲಿ. ಅಂದರೆ ಗಡಿ ಬಂದು ಸುಮಾರು ಮುನ್ನೂರು ವರ್ಷ ಆದಮೇಲೆ ಫ್ರಾನ್ಸ್ ಬಂತು!

ನನ್ನನ್ನು ಹಿಡಿದು ನಿಲ್ಲಿಸಿದ್ದು ಒಪ್ಪಂದದಲ್ಲಿ ಹಂಚದೆ ಉಳಿದ ಆಸ್ತಿ. ಮೇಲಿನ ಕಾಡು, ಬೇಸಿಗೆಯಲ್ಲಿ ದನ ಮೇಯಿಸುವ ಬೆಟ್ಟದ ಹುಲ್ಲುಗಾವಲು ಊರಿನ ಹಳೆಯ ಮನೆತನಗಳ ಕೂಟದ್ದು. ಬೂರ್ಜ್ವಾಸಿ ಅಂತ ಅದಕ್ಕೆ ಹೆಸರು. ರಾಜರು ಗಡಿ ಎಳೆದರೂ ಈ ಕೂಟ ಎರಡಾಗಲಿಲ್ಲ. ಇವತ್ತಿಗೂ ಒಂದೇ. ಅದರ ಆಸ್ತಿ ಎರಡೂ ದೇಶದಲ್ಲಿದೆ, ಸದಸ್ಯರೂ ಎರಡೂ ದೇಶದವರು. ಯಾವ ಮರ ಕಡಿಯಬೇಕು, ಹುಲ್ಲುಗಾವಲು ಯಾರಿಗೆ ಕೊಡಬೇಕು ಅಂತ ತೀರ್ಮಾನಿಸಲು ಇಬ್ಬರೂ ಒಂದೇ ಮೇಜಿನ ಸುತ್ತ ಕೂರಲೇಬೇಕು. ಇಷ್ಟ ಇದೆಯೋ ಇಲ್ಲವೋ, ಬೇರೆ ಮಾತು.

ನನ್ನ ವಾದ ಇಷ್ಟೇ. ಗಡಿಯ ಊರನ್ನು ಒಟ್ಟಿಗೆ ಇಡುವುದು ಸೌಹಾರ್ದದ ಭಾಷಣ ಅಲ್ಲ, ಜಂಟಿ ಖಾತೆಯ ಆಸ್ತಿ. ಜಗಳ ಆಡಲಾದರೂ ವರ್ಷಕ್ಕೊಮ್ಮೆ ಸೇರಬೇಕಲ್ಲ.

"ಅವರಿಗೇನು, ಎರಡೂ ಕಡೆ ಫ್ರೆಂಚ್ ಮಾತಾಡ್ತಾರೆ, ಸುಲಭ" ಅಂತ ನಮ್ಮ ಕಡೆಯವರು ಹೇಳುತ್ತಾರೆ. ತಲಪಾಡಿಯ ಎರಡೂ ಕಡೆ ತುಳು ಮಾತಾಡುತ್ತಾರೆ, ಬ್ಯಾರಿ ಮಾತಾಡುತ್ತಾರೆ. ಆ ಕಡೆ ಅಕ್ಕನ ಮನೆ, ಈ ಕಡೆ ಮಾವನ ಮನೆ. ಭೂತದ ಕೋಲಕ್ಕೆ ಗಡಿ ಗೊತ್ತಿಲ್ಲ. ಆದರೂ 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋದಾಗ ಎಲ್ಲವೂ ಎರಡು ಪಾಲಾಯಿತು. ಶಾಲೆಯ ಪಠ್ಯ, ಭೂಮಿಯ ದಾಖಲೆ, ಪಡಿತರ, ಆಸ್ಪತ್ರೆಯ ಯೋಜನೆ, ಎಲ್ಲ. ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಬರಬೇಕು ಅಂತ ಮಹಾಜನ ಆಯೋಗ 1967ರಲ್ಲೇ ಹೇಳಿತ್ತು, ಅದು ಜಾರಿಗೆ ಬರಲಿಲ್ಲ. ಈಗ ಬರುತ್ತದೆ ಅಂತ ನಾನೂ ನಂಬಿಕೊಂಡಿಲ್ಲ. ಗೆರೆ ಎಲ್ಲಿರಬೇಕು ಅನ್ನುವುದರ ಬಗ್ಗೆ ನಾವು ಅಷ್ಟೊಂದು ವರ್ಷ ಮಾತಾಡಿದೆವು. ಗೆರೆಯ ಎರಡೂ ಕಡೆಯವರಿಗೆ ಸೇರಿದ್ದು ಏನಾದರೂ ಇರಬೇಕು ಅಂತ ಯಾರೂ ಕೇಳಲಿಲ್ಲ.

2020ರ ಮಾರ್ಚ್‌ನಲ್ಲಿ ಅದರ ಬೆಲೆ ಕಂಡಿತು. ಕೋವಿಡ್ ಅಂತ ಕರ್ನಾಟಕ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿದರು. ಕಾಸರಗೋಡಿನವರಿಗೆ ದೊಡ್ಡ ಕಾಯಿಲೆ ಅಂದರೆ ಮಂಗಳೂರೇ ಗತಿ. ತಲಪಾಡಿಯಲ್ಲಿ ಆಂಬುಲೆನ್ಸ್ ತಡೆದರು, ಚಿಕಿತ್ಸೆ ಸಿಗದೆ ಸತ್ತವರ ಸುದ್ದಿ ದಿನಾ ಬಂತು. ವಿಷಯ ಕೇರಳ ಹೈಕೋರ್ಟಿಗೆ ಹೋಗಿ, ಸುಪ್ರೀಂ ಕೋರ್ಟಿಗೂ ಹೋಗಬೇಕಾಯಿತು. ಒಂದೇ ದೇಶದ ಎರಡು ರಾಜ್ಯ, ಅಲ್ವಾ?

ಸಾಂ ಜಾಂಗೋಲ್ಫಿನಲ್ಲಿ ಗಡಿಯ ಪರೀಕ್ಷೆ ಇದಕ್ಕಿಂತ ಘೋರವಾಗಿತ್ತು. 1944ರ ಜುಲೈ 22, ಶನಿವಾರ. ಎರಡನೇ ಮಹಾಯುದ್ಧದ ಕಾಲ, ಫ್ರಾನ್ಸ್ ಬದಿ ಜರ್ಮನರ ಕೈಯಲ್ಲಿತ್ತು. ಫ್ರೆಂಚ್ ಪ್ರತಿರೋಧ ಪಡೆಯವರು ಬೆಟ್ಟದಿಂದ ಇಳಿದು ಅಲ್ಲಿನ ಜರ್ಮನ್ ಠಾಣೆಯ ಮೇಲೆ ದಾಳಿ ಮಾಡಿದರು. ಸೇಡು ಖಂಡಿತ ಅಂತ ಊರಿಗೆ ಗೊತ್ತಾಯಿತು. ಜನ ಕೈಗೆ ಸಿಕ್ಕಿದ್ದು ಹಿಡಿದು ಮೋರ್ಜ್ ದಾಟಿದರು. ಭಾನುವಾರ ನಾಜಿಗಳ ಎಸ್‌ಎಸ್ ಪಡೆ ಬಂತು. ಹೋಗದೆ ಉಳಿದವರಲ್ಲಿ ಕೆಲವರನ್ನು ಹಿಡಿದು ಗುಂಡಿಟ್ಟು ಕೊಂದರು, ಎರಡೂ ಬದಿಗೆ ಪಾದ್ರಿಯಾಗಿದ್ದ ಲೂಯಿ ರೊಸಿಲ್ಲೋಂ ಅವರನ್ನೂ ಬಿಡಲಿಲ್ಲ. ಆಮೇಲೆ ಮನೆಗಳಿಗೆ ಬೆಂಕಿ ಇಟ್ಟರು. ಸ್ವಿಸ್ ಸೇನೆಯ ಬ್ರಿಗೇಡಿಯರ್ ಜೂಲಿಯಸ್ ಶ್ವಾರ್ಟ್ಸ್ ಜರ್ಮನ್ ಅಧಿಕಾರಿಗಳ ಜೊತೆ ಮಾತಿಗೆ ಕೂತರು. ಸ್ವಿಸ್ ಬದಿಯ ಬೆಂಕಿ ಆರಿಸುವವರು ಪಂಪು ಹಿಡಿದು ದುಡಿದರು. ಫ್ರೆಂಚ್ ಊರು ಬಹುಪಾಲು ಸುಟ್ಟರೂ ಚರ್ಚು ಉಳಿಯಿತು.

ಇದನ್ನು ಕೇಳಿ ಸ್ವಿಸ್ಸರನ್ನು ದೇವರ ಜಾಗದಲ್ಲಿ ಕೂರಿಸಬೇಕಿಲ್ಲ. 1942ರ ಆಗಸ್ಟ್‌ನಲ್ಲಿ ಇದೇ ಸ್ವಿಟ್ಜರ್ಲೆಂಡ್ ಜೀವ ಉಳಿಸಿಕೊಳ್ಳಲು ಬರುತ್ತಿದ್ದ ಯಹೂದಿಗಳಿಗೆ ಗಡಿ ಮುಚ್ಚಿತ್ತು. 1944ರ ಆ ಶನಿವಾರ ದಾಟಿ ಬಂದವರು ಮಾತ್ರ ಆ ದಡದವರಿಗೆ ಗುರುತಿನ ಮುಖಗಳು. ಒಂದೇ ಚರ್ಚಿನಲ್ಲಿ ಕೂತವರು, ಒಂದೇ ಕಾಡಿನ ಸೌದೆ ಉರಿಸಿದವರು. ಅಪರಿಚಿತರಿಗೆ ಮುಚ್ಚಿದ್ದ ಬಾಗಿಲು ಪಾಲುದಾರರಿಗೆ ತೆರೆಯಿತು. ಚೆಂದದ ಮಾತಲ್ಲ ಇದು, ಆದರೆ ನನಗೆ ಕಾಣುವುದು ಹಾಗೆಯೇ.

ಸರ್ಕಾರಗಳು ಸುಮ್ಮನಿರಲಿಲ್ಲ ಅನ್ನಿ. 1829ರಲ್ಲಿ ಸವಾಯ್ ಇನ್ನೂ ಸಾರ್ಡಿನಿಯಾ ರಾಜನ ಕೈಯಲ್ಲಿದ್ದಾಗ ಈ ಊರಿನ ಬದಿಗೆ ಸುಂಕದ ಕಟ್ಟೆಯನ್ನು ಗಡಿಯಿಂದ ಹಿಂದೆ ಸರಿಸಿ ಒಂದು ಮುಕ್ತ ವಲಯ ಮಾಡಿದ್ದರು. ಮೊದಲ ಮಹಾಯುದ್ಧ ಮುಗಿದ ಮೇಲೆ ಫ್ರಾನ್ಸ್ ಇಂಥ ವಲಯಗಳನ್ನೆಲ್ಲ ಎತ್ತಿಹಾಕಲು ಹೊರಟಿತು. ಸ್ವಿಟ್ಜರ್ಲೆಂಡ್ ತಕರಾರು ಎತ್ತಿತು. ಕೇಸು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದವರೆಗೆ ಹೋಗಿ 1932ರಲ್ಲಿ ಸ್ವಿಸ್ ಪರವಾಗಿ ತೀರ್ಪು ಬಂತು. ಹಾಲು, ತರಕಾರಿ ಆಚೆ ದಾಟಿಸುವ ರೈತರ ವಿಷಯಕ್ಕೆ ಎರಡು ದೇಶಗಳು ಅಷ್ಟು ದೂರ ಹೋಗಿದ್ದವು!

ಈಗ ಅಲ್ಲಿಗೆ ಹೋದರೆ ಗಡಿ ಕಾಣುವುದು ಸಣ್ಣ ಸಣ್ಣ ವಿಷಯದಲ್ಲಿ. 2008ರ ಡಿಸೆಂಬರ್‌ನಿಂದ ಸ್ವಿಟ್ಜರ್ಲೆಂಡ್ ಷೆಂಗೆನ್ ಕೂಟದಲ್ಲಿದೆ, ಪಾಸ್‌ಪೋರ್ಟ್ ಯಾರೂ ಸಾಮಾನ್ಯವಾಗಿ ಕೇಳುವುದಿಲ್ಲ. ಆದರೆ ಯುರೋಪಿನ ಸುಂಕದ ಒಕ್ಕೂಟದಲ್ಲಿ ಇಲ್ಲ, ಆದ್ದರಿಂದ ಸೇತುವೆಯ ಹತ್ತಿರ ಸುಂಕದವರು ಚೀಲ ನೋಡಬಹುದು. ಮಾಂಸ ಅಗ್ಗ ಅಂತ ಸ್ವಿಸ್ ಜನ ಫ್ರಾನ್ಸಿಗೆ ಹೋಗುತ್ತಾರೆ, ಸಂಬಳ ಜಾಸ್ತಿ ಅಂತ ಫ್ರೆಂಚ್ ಜನ ಸ್ವಿಸ್ ಬದಿಗೆ ಬರುತ್ತಾರೆ. ಅಂಚೆ ಡಬ್ಬಿ ಎರಡೂ ಕಡೆ ಹಳದಿ, ಆದರೆ ಸ್ಟಾಂಪು ಬೇರೆ. ಸರೋವರದ ದಡದ ಬೆಂಚಿನ ಮೇಲೆ ಕೂತರೆ ಫೋನು ಕುಳಿತಲ್ಲೇ ಫ್ರಾನ್ಸಿಗೆ ಹೋಗಿ ಬರುತ್ತದೆ, ಬಿಲ್ಲು ತಿಂಗಳ ಕೊನೆಗೆ. ಒಂದು ಕಾಲದಲ್ಲಿ ನಮ್ಮ ಮನೆಯ ಅಂಗಳದಲ್ಲಿ ನಿಂತರೆ ಫೋನು ಕರ್ನಾಟಕಕ್ಕೆ ಹಾರಿ ರೋಮಿಂಗ್ ದುಡ್ಡು ಕಟ್ಟಾಗುತ್ತಿತ್ತು. ಅದು ನೆನಪಾಗಿ ನಗು ಬಂತು.

ಇಲ್ಲೂ ಎಲ್ಲ ಸರಿ ಇಲ್ಲ. ಸ್ವಿಸ್ ಸಂಬಳ ತರುವವರು ಜಾಸ್ತಿಯಾದಂತೆ ಫ್ರೆಂಚ್ ಬದಿಯಲ್ಲಿ ಮನೆ ಬೆಲೆ ಏರುತ್ತದೆ, ಅಲ್ಲೇ ದುಡಿಯುವವರಿಗೆ ಕಷ್ಟ. ಹಳೆಯ ಮನೆತನಗಳ ಕೂಟಕ್ಕೆ ಬಾಡಿಗೆಗೆ ಬಂದವರು ಸೇರಲು ಆಗುವುದಿಲ್ಲ. ಆ ಕೂಟ ಆದರ್ಶ ಪ್ರಜಾಪ್ರಭುತ್ವ ಅಂತ ನಾನು ಹೇಳುತ್ತಿಲ್ಲ. ನಮ್ಮಲ್ಲಿ ಅಂಥದ್ದೇ ಬೇಕು ಅಂತಲೂ ಅಲ್ಲ. ಆದರೆ ತಲಪಾಡಿಯ ಎರಡೂ ಬದಿಯ ಪಂಚಾಯಿತಿಗಳು ಸೇರಿ ನಡೆಸುವ ಒಂದು ಆಸ್ಪತ್ರೆ? ಎರಡೂ ಸರ್ಕಾರದ ದುಡ್ಡು, ಎರಡೂ ಕಡೆಯ ರೋಗಿಗಳು. ಅಂಥದ್ದು ಇದ್ದಿದ್ದರೆ ಆ ಮಾರ್ಚ್‌ನಲ್ಲಿ ರಸ್ತೆಗೆ ಮಣ್ಣು ಸುರಿಯಲು ಬಂದ ಲಾರಿಯನ್ನು ಮೊದಲು ಕರ್ನಾಟಕದ ಬದಿಯವರೇ ತಡೆಯುತ್ತಿದ್ದರು.

ಜಂಟಿ ಆಸ್ತಿ ಅಲ್ಲದ್ದು ಏನಾಗುತ್ತದೆ ಅನ್ನುವುದಕ್ಕೆ ಅದೇ ಊರಿನ ರೈಲು ಹಳಿ ನೋಡಬೇಕು. ಮಂಗಳೂರಿನ ಸಿಟಿ ಬಸ್ಸು ತಲಪಾಡಿಯಲ್ಲಿ ತಿರುಗುವ ಹಾಗೆ ಸ್ವಿಸ್ ರೈಲು ಇಲ್ಲಿ ಗಡಿಗೆ ಮೊದಲೇ ನಿಂತು ವಾಪಸ್ ಹೋಗುತ್ತದೆ. ಅಲ್ಲಿಂದ ಎವಿಯಾಂ ಪಟ್ಟಣದವರೆಗೆ ಫ್ರೆಂಚ್ ಹಳಿ ಇದೆ, 1886ರಲ್ಲಿ ಹಾಕಿದ್ದು. ಪ್ರಯಾಣಿಕರ ರೈಲು 1938ರಲ್ಲಿ ನಿಂತಿತು, ಗೂಡ್ಸು 1988ರಲ್ಲಿ. ನಡುವೆ ಪ್ರವಾಸಿಗಳಿಗಾಗಿ ಕೆಲವು ವರ್ಷ ಓಡಿಸಿ ಅದನ್ನೂ ಬಿಟ್ಟರು. ಈಗ ಹಳಿಯ ಮೇಲೆ ಗಿಡ ಬೆಳೆದಿದೆ. ಕೆಲಸಕ್ಕೆ ಹೋಗುವವರ ಕಾರು ಬೆಳಿಗ್ಗೆ ಸಂಜೆ ಆ ಒಂದೇ ರಸ್ತೆಯಲ್ಲಿ ಸಾಲುಗಟ್ಟುತ್ತವೆ. ರೈಲು ಮತ್ತೆ ಬೇಕು ಅಂತ ಎರಡೂ ಕಡೆ ವರ್ಷಗಳಿಂದ ಮಾತು ನಡೆದಿದೆ, ದುಡ್ಡು ಯಾರು ಹಾಕಬೇಕು ಅನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಹಳಿಯೂ ಆ ಮನೆತನಗಳ ಕೂಟದ್ದೇ ಆಗಿದ್ದರೆ ಇಷ್ಟೊತ್ತಿಗೆ ಜಗಳ ಆಡಿಕೊಂಡಾದರೂ ರೈಲು ಓಡಿಸುತ್ತಿದ್ದರು.