ದೇವರ ಮನೆ ಕಡೆ ಮೂತಿ ಮಾಡಿದ ಫಿರಂಗಿ

ಹವ್ಯಾಸಕ್ಕೆ ಪುಟ್ಟ ಮಾಡೆಲ್ ಕಟ್ಟುವವರಲ್ಲಿ ಎರಡು ಪಂಗಡ. ಟ್ಯಾಂಕಿನವರು, ರೈಲಿನವರು. ಯುದ್ಧದ ರೈಲು ಕಟ್ಟುವ ನನ್ನಂಥವನನ್ನು ಎರಡೂ ಕಡೆಯವರು ಪಂಕ್ತಿಗೆ ಸೇರಿಸುವುದಿಲ್ಲ. ರೈಲಿನವರು "ಓಡುತ್ತಾ?" ಅಂತ ಕೇಳುತ್ತಾರೆ. ಇಲ್ಲ ಅಂದರೆ ಮಾತು ಅಲ್ಲಿಗೇ ಮುಗಿಯಿತು. ಟ್ಯಾಂಕಿನವರು "ಇಷ್ಟು ಜಾಗದಲ್ಲಿ ನಾಲ್ಕು ಟ್ಯಾಂಕ್ ಇಡಬಹುದಿತ್ತಲ್ಲ" ಅಂತ ಮರುಕ ಪಡುತ್ತಾರೆ.

ಅಳತೆಯೂ ಹೊಂದುವುದಿಲ್ಲ. ರೈಲಿನವರಲ್ಲಿ ಜಾಸ್ತಿ ನಡೆಯುವುದು 1/87, ಅಂದರೆ ನಿಜವಾದದ್ದರ 87ನೇ ಒಂದು ಪಾಲು. ನಮ್ಮದು 1/35. ಇದರ ಹಿಂದೆ ಏನೋ ಘನವಾದ ಲೆಕ್ಕ ಇರಬೇಕು ಅಂದುಕೊಂಡಿದ್ದೆ. ಏನೂ ಇಲ್ಲ. 1960ರ ದಶಕದ ಶುರುವಿನಲ್ಲಿ ಜಪಾನಿನ ತಮಿಯಾ ಕಂಪನಿ ಪ್ಯಾಂಥರ್ ಟ್ಯಾಂಕಿನ ಮಾಡೆಲ್ ಮಾಡಿತು. ಒಳಗೆ ಮೋಟಾರು, ಬ್ಯಾಟರಿ ಹಿಡಿಸಬೇಕಿತ್ತು. ಹಿಡಿಸುವಷ್ಟು ದೊಡ್ಡದು ಮಾಡಿದರು, ಆಮೇಲೆ ಅಳೆದರು. ಸುಮಾರು 1/35 ಬಂತು. ಲೋಕವೆಲ್ಲ ಅದನ್ನೇ ಹಿಡಿದುಕೊಂಡಿತು. ಆ ಬ್ಯಾಟರಿ ಇನ್ನೊಂಚೂರು ಸಣ್ಣದಿದ್ದಿದ್ದರೆ ನನ್ನ ಸಂಸಾರ ಇನ್ನೊಂಚೂರು ಸುಖವಾಗಿರುತ್ತಿತ್ತು.

ಯಾಕೆಂದರೆ ನಾನು ಕಟ್ಟಿದ್ದು ಎರಡನೇ ಮಹಾಯುದ್ಧದಲ್ಲಿ ಜರ್ಮನರು ಬಳಸಿದ ಕೆ5 ರೈಲು ಫಿರಂಗಿ, ಅಂದರೆ ರೈಲು ಗಾಡಿಯ ಮೇಲೆ ಕೂರಿಸಿದ ತೋಪು. ನಿಜವಾದದ್ದು 218 ಟನ್ ತೂಕ. ನಳಿಗೆಯೇ 21.5 ಮೀಟರ್. 255 ಕಿಲೋ ಗುಂಡನ್ನು 60 ಕಿಲೋಮೀಟರಿಗಿಂತ ಆಚೆ ಎಸೆಯುತ್ತಿತ್ತು. ಮೆಜೆಸ್ಟಿಕ್‌ನಲ್ಲಿ ನಿಲ್ಲಿಸಿ ಹೊಡೆದರೆ ಹೆಚ್ಚೂಕಡಿಮೆ ತುಮಕೂರು. 1944ರಲ್ಲಿ ಇಟಲಿಯ ಆಂಜಿಯೋ ತೀರದಲ್ಲಿ ಇಳಿದ ಮಿತ್ರಸೇನೆಗೆ ಇಂಥ ಎರಡು ಫಿರಂಗಿಗಳು ನಿದ್ದೆ ಕೊಡಲಿಲ್ಲ. ಹೊಡೆಯುವುದು, ಸುರಂಗದೊಳಗೆ ನುಗ್ಗಿ ಅಡಗುವುದು, ಇದೇ ಅವುಗಳ ಕಸುಬು. ಅಮೆರಿಕದ ಸೈನಿಕರು "ಆಂಜಿಯೋ ಆ್ಯನಿ" ಅಂತ ಹೆಸರಿಟ್ಟರು. ಜರ್ಮನರು ಇಟ್ಟ ಹೆಸರು ರಾಬರ್ಟ್ ಮತ್ತು ಲಿಯೋಪೋಲ್ಡ್. ಲಿಯೋಪೋಲ್ಡನನ್ನು ಅಮೆರಿಕದವರು ಹಡಗಿಗೆ ಹಾಕಿ ಊರಿಗೇ ಕೊಂಡೊಯ್ದರು. ಇವತ್ತಿಗೂ ಅಲ್ಲೇ ಇದೆ.

ಅವರು ಹೇಗೆ ಸಾಗಿಸಿದರೋ. ನನ್ನ ಪುಟ್ಟ ಲಿಯೋಪೋಲ್ಡ್ ಬರುವಷ್ಟರಲ್ಲಿ ಒಂದು ಸಂಬಂಧವೇ ಕೆಟ್ಟಿತು. ಆಟಿಕೆಗಳ ಆಮದು ಸುಂಕ 2020ರಲ್ಲಿ 20ರಿಂದ 60 ಪರ್ಸೆಂಟಿಗೆ ಹಾರಿತು, 2023ರಲ್ಲಿ 70 ಆಯಿತು. ಸುಂಕದ ಪಟ್ಟಿಯಲ್ಲಿ ಆಟಿಕೆಗೂ ಸ್ಕೇಲ್ ಮಾಡೆಲ್‌ಗೂ ಒಂದೇ ನಂಬರು, 9503. "ಇದು ಆಟಿಕೆ ಅಲ್ಲ ಕಣೇ" ಅಂತ ಹೆಂಡತಿಗೆ ವರ್ಷಗಟ್ಟಲೆ ಹೇಳಿದವನಿಗೆ ಸರ್ಕಾರವೇ ಹೀಗೆ ಕೈಕೊಟ್ಟರೆ ಹೇಗೆ? ಕೊನೆಗೆ ವಿದೇಶದಿಂದ ಬರುತ್ತಿದ್ದ ಭಾವಮೈದನ ಕೈಯಲ್ಲಿ ತರಿಸಿದೆ. ಡಬ್ಬಿಯ ಮೇಲೆ ಬೆಂಕಿ ಉಗುಳುವ ಫಿರಂಗಿಯ ಚಿತ್ರ. ವಿಮಾನ ನಿಲ್ದಾಣದಲ್ಲಿ ಅವನು ಅದರ ವಿವರಣೆ ಕೊಡುತ್ತಾ ಬಹಳ ಹೊತ್ತು ನಿಂತನಂತೆ. ಡಬ್ಬಿಗೆ ಜಾಗ ಮಾಡಲು ತನ್ನ ಎರಡು ಕೋಟು ಬೇರೆ ಬಿಟ್ಟು ಬಂದಿದ್ದ. ಈಗಲೂ ಫೋನಿನಲ್ಲಿ ಅಕ್ಕನ ಜೊತೆ ಮಾತ್ರ ಮಾತಾಡುತ್ತಾನೆ.

ಕೆ5ಗೆ ಹನ್ನೆರಡು ಅಚ್ಚು, ಇಪ್ಪತ್ನಾಲ್ಕು ಚಕ್ರ. ಎಲ್ಲಕ್ಕೂ ಬಣ್ಣ ಹೊಡೆದು ತಾರಸಿಯಲ್ಲಿ ಒಣಗಲು ಇಟ್ಟೆ. ಪಕ್ಕದಲ್ಲೇ ಅಮ್ಮ ಸಂಡಿಗೆ ಹಾಕಿದ್ದರು. ಸಂಡಿಗೆಗೆ ಕಪ್ಪು ಕೊಡೆ, ಕೆಂಪು ಮೆಣಸಿನಕಾಯಿ, ಕಾವಲಿಗೆ ನನ್ನ ಮಗ, ಎಲ್ಲ ಏರ್ಪಾಡಿತ್ತು. ಚಕ್ರಕ್ಕೆ ಯಾರೂ ಇರಲಿಲ್ಲ. ಕಾಗೆ ಬಂದು ಒಂದನ್ನು ಎತ್ತಿಕೊಂಡು ಹೋಯಿತು. ಮಗ ನೋಡಿಯೂ ಸುಮ್ನೆ ಕೂತಿದ್ದ. "ಸಂಡಿಗೆ ನೋಡ್ಕೋ ಅಂದಿದ್ರು, ಚಕ್ರ ಅಂದಿರ್ಲಿಲ್ಲ" ಅಂದ. ವಕೀಲನಾಗುತ್ತಾನೆ. ಚಕ್ರ ಇಲ್ಲದ ಮಗ್ಗುಲನ್ನು ಗೋಡೆಗೆ ತಿರುಗಿಸಿ ಇಡೋಣ ಅಂತ ತೀರ್ಮಾನಿಸಿದೆ.

ನಿಜವಾದ ಫಜೀತಿ ಶುರುವಾಗಿದ್ದು ಇಲ್ಲೇ. ಈ ಕೆ5ಗೆ ಕತ್ತು ತಿರುಗುವುದಿಲ್ಲ. ನಳಿಗೆ ಮೇಲೆ ಕೆಳಗೆ ಹೋಗುತ್ತೆ. ಎಡಬಲಕ್ಕೆ ಮಾತ್ರ ಒಂದು ಡಿಗ್ರಿಯ ಆಸುಪಾಸು, ಅಷ್ಟೇ. ಗುರಿ ಬದಲಾಯಿಸಬೇಕೆಂದರೆ ಬಾಗಿದ ಹಳಿ ಹಾಕಿ ಇಡೀ ಗಾಡಿಯನ್ನೇ ಹಿಂದೆ ಮುಂದೆ ಸರಿಸಬೇಕು, ಇಲ್ಲವೇ ದೊಡ್ಡ ತಿರುಗುಮಣೆಯ ಮೇಲೆ ಹತ್ತಿಸಬೇಕು. ನಮ್ಮದು ಎರಡು ಬೆಡ್‌ರೂಮಿನ ಮನೆ. ಮೂರಡಿಗೆ ತುಸು ಕಡಿಮೆ ಉದ್ದದ ಮಾಡೆಲ್ ಹಿಡಿಸುವ ಜಾಗ ಹಾಲ್‌ನಲ್ಲಿ ಟಿವಿ ಮೇಲಿನ ಹಲಗೆ ಒಂದೇ. ಅಲ್ಲಿಟ್ಟರೆ ನಳಿಗೆ ನೆಟ್ಟಗೆ ದೇವರ ಮನೆ ಕಡೆ.

"ದೇವರಿಗೇ ಗುರಿ ಇಡ್ತೀಯೇನೋ?" ಅಮ್ಮ ಕೇಳಿದರು. ಗಾಡಿ ತಿರುಗಿಸಿದೆ. ಚಕ್ರ ಇಲ್ಲದ ಮಗ್ಗುಲು ಮುಂದೆ ಬಂತು, ನಳಿಗೆ ಮಾವನವರ ಫೋಟೋದ ಎದುರು ನಿಂತಿತು. ಹೆಂಡತಿ ಏನೂ ಅನ್ನಲಿಲ್ಲ. ಅದು ಜಾಸ್ತಿ ಅಪಾಯ. ಅಡ್ಡಡ್ಡ ಇಟ್ಟೆ. ಮೂತಿ ಹಲಗೆಯಿಂದ ಆಚೆ ಚಾಚಿ ಸೋಫಾದಲ್ಲಿ ಕೂತವರ ಹಣೆಗೆ ಬಂತು. ನೆಂಟರು ಕಾಫಿ ಲೋಟ ಹಿಡಿದು ಎಡಕ್ಕೆ ವಾಲಿ ಕೂರತೊಡಗಿದರು. ಜರ್ಮನರು ಬಾಗಿದ ಹಳಿಯ ಮೇಲೆ ಪಟ್ಟ ಪಾಡು ನನಗೆ ಆಗ ಅರ್ಥವಾಯಿತು. ಅವರಿಗೆ ಶತ್ರು ಒಂದೇ ಕಡೆ ಇದ್ದ, ಅದೊಂದು ಪುಣ್ಯ. ಸದ್ಯ ಅದು ಬಚ್ಚಲುಮನೆಯ ಬಾಗಿಲಿಗೆ ಗುರಿ ಇಟ್ಟು ನಿಂತಿದೆ. ಇದಕ್ಕೆ ಮಾತ್ರ ಯಾರ ತಕರಾರೂ ಇಲ್ಲ.

ಇನ್ನು ತುಕ್ಕಿನ ವಿಚಾರ. ಹೊಸದಾಗಿ ಕಟ್ಟಿದ್ದನ್ನು ಹಳತು ಮಾಡುವುದು ನಮ್ಮ ಹವ್ಯಾಸದ ಅರ್ಧ ಕೆಲಸ. ಮಸಿ, ಧೂಳು, ತುಕ್ಕು ಎಲ್ಲವೂ ಪುಟ್ಟ ಶೀಶೆಯಲ್ಲಿ ದೊಡ್ಡ ಬೆಲೆಗೆ ಸಿಗುತ್ತವೆ. "ನಮ್ಮ ಗೇಟಿಂದ ಕೆರ್ಕೊಳ್ಳೋ, ಬಿಟ್ಟಿ" ಅನ್ನುವುದು ಅಮ್ಮನ ಸಲಹೆ. ನಾನು ಶೀಶೆ ಕೊಂಡೆ. ಆದರೆ ಅಷ್ಟರಲ್ಲಿ ಆಯುಧಪೂಜೆ ಬಂತು. ಮನೆಯಲ್ಲಿ ಮಿಕ್ಸಿ, ಸ್ಕೂಟರು, ಇಳಿಗೆಮಣೆ ಎಲ್ಲಕ್ಕೂ ಪೂಜೆ. ನಿಜವಾಗಿ ಆಯುಧ ಅನ್ನಬಹುದಾದ್ದು ಇದೊಂದೇ ಅಲ್ವಾ? ಅಮ್ಮ ಭಕ್ತಿಯಿಂದ ನಳಿಗೆಯ ಉದ್ದಕ್ಕೂ ಅರಿಶಿನ ಕುಂಕುಮ ಹಚ್ಚಿದರು. ಹೊಳಪಿಲ್ಲದ ಬಣ್ಣದ ಮೇಲೆ ಕೂತ ಕುಂಕುಮ ಜಪ್ಪಯ್ಯ ಅಂದರೂ ಬಿಡಲಿಲ್ಲ. ಒರೆಸಿದಷ್ಟೂ ಹರಡಿತು.

ಆಮೇಲೆ ಒಂದು ಪ್ರದರ್ಶನಕ್ಕೆ ಒಯ್ದಿದ್ದೆ. ಟ್ಯಾಂಕಿನವರೊಬ್ಬರು ಬಗ್ಗಿ, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿದರು. ಈ ತುಕ್ಕಿನ ಪುಡಿ ಯಾವ ಬ್ರ್ಯಾಂಡು, ಎಲ್ಲಿಂದ ತರಿಸಿದಿರಿ ಅಂತ ಕೇಳಿದರು.

"ಗಾಂಧಿಬಜಾರು," ಅಂದೆ. "ನೂರು ಗ್ರಾಂ ಪೊಟ್ಟಣ."